ಶಿಕಾಗೊದ ಸ್ಕೂಲು ಯಾರ ಕೈಯಲ್ಲಿರಬೇಕು?

"ಟೀಚರುಗಳ ಸಂಘದವರು ತಮ್ಮವನನ್ನೇ ಮೇಯರ್ ಮಾಡ್ಕೊಂಡ್ರೆ ಊರಿನ ಗತಿ ಏನು ಮೇಷ್ಟ್ರೇ? ಸಂಬಳ ಕೇಳೋರೂ ಅವರೇ, ಕೊಡೋರೂ ಅವರೇ!" ಅಂದರು ಪಕ್ಕದ ಮನೆಯ ರಾಯರು, ಕಾಂಪೌಂಡ್ ಗೋಡೆಗೆ ಮೊಣಕೈ ಊರಿ. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಮಗಳು ಶಿಕಾಗೊ ಪಕ್ಕದ ನೇಪರ್‌ವಿಲ್ಲಿನಲ್ಲಿದ್ದಾಳೆ. ಅಲ್ಲಿಗೆ ಹೋಗಿ ಬಂದ ಮೇಲೆ ಶಿಕಾಗೊ ಸುದ್ದಿ ಓದುವುದು ಅವರಿಗೆ ನಿತ್ಯದ ಕೆಲಸ. ನಾನು ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಟೀಚರುಗಳ ಸಂಘ ಅಂದಕೂಡಲೆ ಅವರ ಪಕ್ಷ ವಹಿಸುತ್ತೇನೆಂದು ರಾಯರಿಗೆ ಗೊತ್ತು. ವಹಿಸಿದೆ ಕೂಡ. ಆದರೆ ಪೂರ್ತಿಯಾಗಿ ಅಲ್ಲ.

"ಮೊದಲು ಒಂದು ವಿಷಯ ಹೇಳಿ ರಾಯರೇ, ನಿಮ್ಮ ಮಗಳಿಗೆ ಆ ಚುನಾವಣೇಲಿ ಓಟು ಇತ್ತಾ?"

"ಅವಳಿಗೆ ಎಲ್ಲಿಂದ ಬರುತ್ತೆ? ನೇಪರ್‌ವಿಲ್ ಬೇರೇನೇ ಊರು. ಮೇಯರ್ ಬೇರೆ, ಪೊಲೀಸು ಬೇರೆ, ಸ್ಕೂಲ್ ಬೋರ್ಡೂ ಬೇರೆ. ಬೋರ್ಡಿನ ಚುನಾವಣೆಗೆ ಮಾತ್ರ ತಪ್ಪದೆ ಹೋಗ್ತಾಳೆ. ಮಗನ ಸ್ಕೂಲಿನ ವಿಷಯ ಅಲ್ವೆ?"

ಜಗಳದ ಬೇರು ಇರುವುದು ಅಲ್ಲೇ. ಇಲಿನಾಯ್ ರಾಜ್ಯದಲ್ಲಿ ಊರೂರಿನ ಸ್ಕೂಲ್ ಬೋರ್ಡನ್ನೂ ಊರವರೇ ಓಟು ಹಾಕಿ ಆರಿಸುತ್ತಾರೆ. ಹಾಗೆ ಆರಿಸುವ ಹಕ್ಕಿಲ್ಲದೆ ಇದ್ದದ್ದು ಶಿಕಾಗೊದವರಿಗೆ ಮಾತ್ರ. ರಾಜ್ಯದಲ್ಲೇ ದೊಡ್ಡ ಊರು, ಸುಮಾರು 27 ಲಕ್ಷ ಜನ. ಸರಕಾರಿ ಶಾಲೆಗಳಲ್ಲಿ ಈಗಲೂ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳು, ಅವರಲ್ಲಿ ಬಹುಪಾಲು ಕಪ್ಪು ಜನಾಂಗದವರು, ಮೆಕ್ಸಿಕೊ ಕಡೆಯಿಂದ ಬಂದ ಮನೆಗಳವರು. ಆ ತಾಯಿತಂದೆಯರ ಬದಲು ಮೇಯರ್ ಒಬ್ಬರೇ ಬೋರ್ಡನ್ನು ನೇಮಿಸುತ್ತಿದ್ದರು. ಹೀಗಿರುವಾಗ ಸ್ಕೂಲಿನ ಬಗ್ಗೆ ಕೋಪ ಬಂದವರು ಆ ಕೋಪ ತೀರಿಸಿಕೊಳ್ಳಲು ಎಲ್ಲಿಗೆ ಹೋಗಬೇಕು? ಮೇಯರ್ ಚುನಾವಣೆಗೇ ಹೋಗಬೇಕು. ಹಾಗೆಯೇ ಆಯಿತು.

ನಮ್ಮ ಮೇಯರುಗಳ ಲೆಕ್ಕದಲ್ಲಿ ಅಲ್ಲಿಯ ಮೇಯರನ್ನು ಅಳೆಯಲಾಗದು. ಬಿಬಿಎಂಪಿ ಕಾಲದಲ್ಲಿ ಬೆಂಗಳೂರಿನ ಮೇಯರನ್ನು ಕಾರ್ಪೊರೇಟರುಗಳು ಆರಿಸುತ್ತಿದ್ದರು, ಅದೂ ಒಂದೇ ವರ್ಷಕ್ಕೆ. 2020ರ ಸೆಪ್ಟೆಂಬರಿನಲ್ಲಿ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಶಿಕಾಗೊದ ಮೇಯರನ್ನು ಜನ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಪೊಲೀಸ್ ಮುಖ್ಯಸ್ಥರನ್ನು ಹೆಸರಿಸುವುದು ಅವರೇ, ಬಜೆಟ್ ಮಂಡಿಸುವುದು ಅವರೇ. 1995ರಲ್ಲಿ ರಾಜ್ಯ ಸರಕಾರ ಒಂದು ಕಾನೂನು ಮಾಡಿ ಸ್ಕೂಲುಗಳನ್ನೂ ಪೂರ್ತಿಯಾಗಿ ಅವರ ಕೈಗೆ ಕೊಟ್ಟಿತು. ಆಗ ಮೇಯರ್ ಆಗಿದ್ದವರು ರಿಚರ್ಡ್ ಎಂ. ಡೇಲಿ. ಅವರು ನಗರದ ಬಜೆಟ್ ನೋಡಿಕೊಳ್ಳುತ್ತಿದ್ದ ಪಾಲ್ ವ್ಯಾಲಸ್ ಎಂಬವರನ್ನು ಸ್ಕೂಲುಗಳ ಮೇಲೆ ಕೂರಿಸಿದರು. ಹುದ್ದೆಯ ಹೆಸರು ಸಿಇಒ, ಕಂಪನಿಗಳಲ್ಲಿ ಇರುವ ಹಾಗೆ. ಈ ವ್ಯಾಲಸ್ ಹೆಸರನ್ನು ನೆನಪಿಟ್ಟುಕೊಳ್ಳಿ. ಇಪ್ಪತ್ತೆಂಟು ವರ್ಷ ಕಳೆದ ಮೇಲೆ ಮತ್ತೆ ಬರುತ್ತಾರೆ.

"ಅವರ ಕಾಲದಲ್ಲಿ ಲೆಕ್ಕ ಸರಿ ಇತ್ತಂತಲ್ಲ?" ಎಂದರು ರಾಯರು.

ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕೆ ಮುಂಚೆ ಶಿಕಾಗೊ ಸ್ಕೂಲುಗಳ ಸ್ಥಿತಿ ಬಹಳ ಕೆಟ್ಟಿತ್ತು. 1987ರಲ್ಲಿ 19 ದಿನ ಮುಷ್ಕರ ನಡೆದಿತ್ತು. ಆ ವರ್ಷವೇ ದೇಶದ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್ ಇಡೀ ಅಮೆರಿಕದಲ್ಲಿ ಇವಷ್ಟು ಕೆಟ್ಟ ಸ್ಕೂಲುಗಳಿಲ್ಲ ಎಂದಿದ್ದರು. ವ್ಯಾಲಸ್ ಬಂದು ಬಜೆಟ್ಟನ್ನು ಸರಿದೂಗಿಸಿದರು, ಕಟ್ಟಡಗಳನ್ನು ರಿಪೇರಿ ಮಾಡಿಸಿದರು. ಆದರೆ 1995ರ ಕಾನೂನಿನಲ್ಲಿ ಇನ್ನೊಂದು ಮಾತಿತ್ತು: ತರಗತಿಯಲ್ಲಿ ಎಷ್ಟು ಮಕ್ಕಳಿರಬೇಕು ಎಂಬಂಥ ವಿಷಯಗಳ ಬಗ್ಗೆ ಚೌಕಾಶಿ ಮಾಡುವಂತೆ ಬೋರ್ಡನ್ನು ಟೀಚರುಗಳು ಒತ್ತಾಯಿಸುವಂತಿಲ್ಲ, ಅದಕ್ಕಾಗಿ ಮುಷ್ಕರ ಹೂಡುವಂತಿಲ್ಲ. ಸಂಬಳ ಕೇಳಿ, ಸ್ಕೂಲಿನ ಉಸಾಬರಿ ನಿಮಗೆ ಬೇಡ ಅಂದ ಹಾಗೆ. ಒಂದು ಕ್ಲಾಸಿನಲ್ಲಿ ಮೂವತ್ತು ಮಕ್ಕಳಿರುವುದಕ್ಕೂ ನಲವತ್ತು ಮಕ್ಕಳಿರುವುದಕ್ಕೂ ಏನು ವ್ಯತ್ಯಾಸವೆಂದು ಕಪ್ಪುಹಲಗೆಯ ಮುಂದೆ ನಿಂತು ಕಲಿಸಿದವರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯದು. ಅವರ ಬಾಯನ್ನೇ ಕಟ್ಟಿದರು. ಆ ಕಟ್ಟು ಬಿಚ್ಚಿದ್ದು 2021ರಲ್ಲಿ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ರಾಯರಿಗೆ ಇದನ್ನು ಹೇಳಲೇಬೇಕು ಅನ್ನಿಸಿತು, ಏಕೆಂದರೆ ಅವರು ಲೆಕ್ಕದ ಮನುಷ್ಯ. ಶಿಕಾಗೊದಲ್ಲಿ ಟೀಚರುಗಳು ರಾಜಕೀಯಕ್ಕೆ ಇಳಿದದ್ದು ಮೊನ್ನೆ ಮೊನ್ನೆ ಅಲ್ಲ. 1897ರಲ್ಲಿ ಪ್ರಾಥಮಿಕ ಶಾಲೆಯ ಹೆಣ್ಣುಮಕ್ಕಳು ಸೇರಿ ಶಿಕಾಗೊ ಟೀಚರ್ಸ್ ಫೆಡರೇಶನ್ ಕಟ್ಟಿದರು. ಮೇಯರ್ ಚುನಾವಣೆಯಲ್ಲಿ ಹೆಂಗಸರಿಗೆ ಓಟೇ ಇಲ್ಲದ ಕಾಲ ಅದು. ಒಪ್ಪಿದ ಸಂಬಳ ಕೊಡಲು ಬೋರ್ಡ್ ಹಣವಿಲ್ಲ ಎಂದಿತು. ಮಾರ್ಗರೆಟ್ ಹೇಲಿ, ಕ್ಯಾಥರಿನ್ ಗಾಗಿನ್ ಎಂಬ ಇಬ್ಬರು ಟೀಚರುಗಳು ಅಳುತ್ತ ಕೂರಲಿಲ್ಲ, ತೆರಿಗೆಯ ದಾಖಲೆಗಳನ್ನು ತೆಗೆಸಿ ಓದಿದರು. ಗ್ಯಾಸ್, ವಿದ್ಯುತ್, ಟೆಲಿಫೋನ್, ಟ್ರಾಮ್ ಕಂಪನಿಗಳು ನಗರದ ಬೀದಿಗಳನ್ನು ಬಳಸುವ ಪರವಾನಗಿಯ ಬೆಲೆಗೆ ತೆರಿಗೆಯನ್ನೇ ಕಟ್ಟುತ್ತಿಲ್ಲ ಎಂದು ಕಂಡುಹಿಡಿದು ಕೋರ್ಟಿಗೆ ಹೋದರು. ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ 1901ರಲ್ಲಿ ಗೆದ್ದರು. ತೆರಿಗೆ ಹಣ ಬಂತು. ಬೋರ್ಡ್ ಅದನ್ನು ಬೇರೆ ಖರ್ಚಿಗೆ ಹಾಕಿತು. ಮತ್ತೆ ಕೋರ್ಟು. ಈ ಸಲ ಟೀಚರುಗಳ ಪರ ತೀರ್ಪು ಕೊಟ್ಟ ನ್ಯಾಯಾಧೀಶ ಎಡ್ವರ್ಡ್ ಡನ್. ಆ ಡನ್ 1905ರಲ್ಲಿ ಮೇಯರ್ ಚುನಾವಣೆಗೆ ನಿಂತಾಗ ಟೀಚರುಗಳು ಬೀದಿ ಬೀದಿ ತಿರುಗಿ ದುಡಿದರು, ಗೆಲ್ಲಿಸಿದರು.

"ಓಟಿಲ್ಲದೇನೆ?" ರಾಯರು ಗೋಡೆಯಿಂದ ಮೊಣಕೈ ತೆಗೆದರು.

ಓಟಿಲ್ಲದೆಯೇ. ಟೀಚರುಗಳ ಸಂಘ ಎಂದರೆ ಬರೀ ಸಂಬಳದ ಪಟ್ಟು ಎನ್ನುವವರಿಗೆ ನಾನು ಹೇಲಿಯ ಹೆಸರು ಹೇಳುತ್ತೇನೆ. ಹಣವಿಲ್ಲ ಎಂಬ ಮಾತನ್ನು ಕೇಳಿ ತಲೆ ತಗ್ಗಿಸದೆ, ಹಣ ಎಲ್ಲಿ ಹೋಯಿತು ಎಂದು ಕೇಳಿದ ಪ್ರಾಥಮಿಕ ಶಾಲೆಯ ಟೀಚರ್ ಆಕೆ. ಸ್ಕೂಲಿಗೆ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಶಿಕಾಗೊದಲ್ಲಿ ಇವತ್ತಿಗೂ ಬಗೆಹರಿದಿಲ್ಲ.

ಈ ಕಾಲಕ್ಕೆ ಬರೋಣ. 2010ರಲ್ಲಿ ಕ್ಯಾರನ್ ಲೂಯಿಸ್ ಎಂಬ ಕೆಮಿಸ್ಟ್ರಿ ಟೀಚರ್ ಶಿಕಾಗೊ ಟೀಚರ್ಸ್ ಯೂನಿಯನ್ನಿನ ಅಧ್ಯಕ್ಷೆಯಾದರು. ಮರುವರ್ಷ ರಾಮ್ ಇಮ್ಯಾನುಯೆಲ್ ಮೇಯರ್ ಆದರು. ಒಬಾಮಾ ಅವರ ಶ್ವೇತಭವನದಲ್ಲಿ ಮುಖ್ಯ ಅಧಿಕಾರಿಯಾಗಿದ್ದವರು. ಇಬ್ಬರೂ ಡೆಮಾಕ್ರಟಿಕ್ ಪಕ್ಷದ ಕಡೆಯವರೇ. ಶಿಕಾಗೊದ ಸ್ಕೂಲು ಜಗಳವನ್ನು ಎರಡು ಪಕ್ಷಗಳ ಜಗಳ ಎಂದುಕೊಂಡರೆ ತಪ್ಪಾಗುತ್ತದೆ. ಇದು ಒಂದೇ ಮನೆಯೊಳಗಿನ ಜಗಳ. ಯೂನಿಯನ್ನಿನ ನೂರಕ್ಕೆ 75 ಸದಸ್ಯರು ಒಪ್ಪದೆ ಮುಷ್ಕರ ಕೂಡದು ಎಂದು 2011ರಲ್ಲಿ ರಾಜ್ಯ ಕಾನೂನು ಮಾಡಿತು. ಅಷ್ಟು ಓಟು ಇವರಿಗೆ ಎಲ್ಲಿ ಸಿಗುತ್ತದೆ ಎಂಬ ಧೈರ್ಯ. ಸಿಕ್ಕಿತು, ನೂರಕ್ಕೆ ತೊಂಬತ್ತರ ಹತ್ತಿರ. 2012ರ ಸೆಪ್ಟೆಂಬರ್ 10ರಂದು ಸುಮಾರು 26 ಸಾವಿರ ಟೀಚರುಗಳು ಕೆಂಪು ಅಂಗಿ ತೊಟ್ಟು ಬೀದಿಗೆ ಬಂದರು. ಏಳು ದಿನ ಪಾಠ ನಿಂತಿತು. ತಾಯಿತಂದೆಯರು ಟೀಚರುಗಳಿಗೆ ಬಯ್ಯುತ್ತಾರೆಂದು ನಿರೀಕ್ಷಿಸಿದ್ದವರಿಗೆ ನಿರಾಸೆಯಾಯಿತು. ಬಹಳ ಕಡೆ ಅವರೇ ಜೊತೆಗೆ ಬಂದು ನಿಂತರು. ಕೊನೆಗೆ ಆದ ಒಪ್ಪಂದದಲ್ಲಿ ಸಂಬಳದ ಜೊತೆಗೆ ಸ್ಕೂಲು ತೆರೆದ ಮೊದಲ ದಿನವೇ ಪಠ್ಯಪುಸ್ತಕ ಕೈಗೆ ಸಿಗಬೇಕು ಎಂಬ ಮಾತೂ ಸೇರಿತ್ತು. ಅಮೆರಿಕದಂಥ ದೇಶದಲ್ಲಿ ಪುಸ್ತಕಕ್ಕಾಗಿ ಟೀಚರುಗಳು ಮುಷ್ಕರ ಹೂಡಬೇಕಾಯಿತು ಎಂಬುದನ್ನು ಓದಿದಾಗ ನನಗೆ ಬೇಸರಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಆಮೇಲೆ ಬಂದದ್ದು 2013ರ ಮೇ ತಿಂಗಳು. ಮೇಯರ್ ನೇಮಿಸಿದ ಬೋರ್ಡ್ ಒಂದೇ ಸಭೆಯಲ್ಲಿ 50 ಸ್ಕೂಲುಗಳನ್ನು ಮುಚ್ಚಲು ತೀರ್ಮಾನಿಸಿತು. ಅಮೆರಿಕದ ಯಾವ ಊರಿನಲ್ಲೂ ಅಲ್ಲಿಯವರೆಗೆ ಒಟ್ಟಿಗೆ ಇಷ್ಟು ಸ್ಕೂಲುಗಳು ಮುಚ್ಚಿರಲಿಲ್ಲ. ಹೆಚ್ಚಿನವು ಊರಿನ ದಕ್ಷಿಣಕ್ಕೂ ಪಶ್ಚಿಮಕ್ಕೂ ಇರುವ ಬಡ ಬಡಾವಣೆಗಳಲ್ಲಿದ್ದವು. ಸ್ಕೂಲು ಕಳೆದುಕೊಂಡ ಸುಮಾರು 12 ಸಾವಿರ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಕಪ್ಪು ಜನಾಂಗದವರು. ಹೊಸ ಸ್ಕೂಲಿಗೆ ಹೋಗುವ ದಾರಿಯಲ್ಲಿ ಒಂದು ಗ್ಯಾಂಗಿನ ಬೀದಿ ದಾಟಿ ಇನ್ನೊಂದು ಗ್ಯಾಂಗಿನ ಬೀದಿಗೆ ಕಾಲಿಡಬೇಕು. ಮಕ್ಕಳು ನಡೆಯುವ ದಾರಿಯುದ್ದಕ್ಕೂ ಕಾವಲಿಗೆ ದೊಡ್ಡವರನ್ನು ನಿಲ್ಲಿಸಬೇಕಾಯಿತು. ಆ ಮುಚ್ಚುವಿಕೆಯಿಂದ ಮಕ್ಕಳ ಕಲಿಕೆಗೆ, ಅದರಲ್ಲೂ ಗಣಿತಕ್ಕೆ, ಪೆಟ್ಟು ಬಿದ್ದಿತೆಂದು ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಬರೆದರು.

"ಮಕ್ಕಳೇ ಇಲ್ಲದ ಕಟ್ಟಡಕ್ಕೆ ಎಷ್ಟು ದಿನ ದೀಪ ಹಚ್ಚೋದು ಮೇಷ್ಟ್ರೇ? ನಮ್ಮಲ್ಲೂ ಹತ್ತು ಮಕ್ಕಳಿಲ್ಲದ ಸ್ಕೂಲನ್ನ ಪಕ್ಕದ ಊರಿನದಕ್ಕೆ ಸೇರಿಸ್ತಾರೆ."

ಪ್ರಶ್ನೆ ನ್ಯಾಯವಾದದ್ದೇ. ಈಗಲೂ ಶಿಕಾಗೊದ ಪಶ್ಚಿಮ ಭಾಗದಲ್ಲಿ ಡಗ್ಲಸ್ ಹೈಸ್ಕೂಲ್ ಎಂಬುದೊಂದಿದೆ. ಒಂಬೈನೂರು ಮಕ್ಕಳು ಹಿಡಿಸುವ ಕಟ್ಟಡದಲ್ಲಿ ಮೂವತ್ತು ಮಕ್ಕಳೂ ಇಲ್ಲದ ಪರಿಸ್ಥಿತಿ ಅಲ್ಲಿ ಬಂತು. ಅಂಥ ಸ್ಕೂಲಿನಲ್ಲಿ ಮಕ್ಕಳಿಗೆ ಸಂಗೀತ ಕಲಿಸುವವರಿಲ್ಲ, ಆಡಲು ಒಂದು ತಂಡ ಕಟ್ಟಲೂ ಆಗುವುದಿಲ್ಲ. ಇದನ್ನು ಹೀಗೇ ಬಿಡಬೇಕೆಂದು ನಾನು ಹೇಳಲಾರೆ, ಯೂನಿಯನ್ ಹೇಳಿದರೂ ಒಪ್ಪಲಾರೆ. ನನ್ನ ಮಾತು ಇಷ್ಟೇ: ಸ್ಕೂಲು ಮುಚ್ಚುವ ಕೈಗೆ ಆ ಬೀದಿಯವರು ಓಟು ಹಾಕಿರಬೇಕು. 2013ರಲ್ಲಿ ಆ 50 ಸ್ಕೂಲುಗಳ ಹಣೆಬರಹ ಬರೆದ ಬೋರ್ಡಿನ ಒಬ್ಬ ಸದಸ್ಯರಿಗೂ ಯಾರೂ ಓಟು ಹಾಕಿರಲಿಲ್ಲ. ಆಗ ಸಿಇಒ ಆಗಿದ್ದ ಬಾರ್ಬರಾ ಬರ್ಡ್-ಬೆನೆಟ್ ಒಂದು ತರಬೇತಿ ಕಂಪನಿಗೆ ಟೆಂಡರಿಲ್ಲದೆ 2 ಕೋಟಿ ಡಾಲರಿಗೂ ಮೀರಿದ ಗುತ್ತಿಗೆ ಕೊಡಿಸಿ, ಅದರಿಂದ ಲಂಚದ ಭರವಸೆ ಪಡೆದದ್ದನ್ನು 2015ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡರು. ನಾಲ್ಕೂವರೆ ವರ್ಷದ ಶಿಕ್ಷೆಯಾಯಿತು. ಆ ಗುತ್ತಿಗೆಗೆ ಒಪ್ಪಿಗೆಯ ಮುದ್ರೆ ಒತ್ತಿದ್ದೂ ಅದೇ ಬೋರ್ಡು. ರಾಯರು ಸುಮ್ಮನಾದರು. ಸಾಲದ ಅರ್ಜಿಯನ್ನು ನಾಲ್ಕು ಸಲ ತಿರುಗಿಸಿ ನೋಡಿ ಸಹಿ ಹಾಕುತ್ತಿದ್ದವರಲ್ಲವೆ?

ಸ್ಕೂಲು ಮುಚ್ಚಿದ ಮೇಯರನ್ನು ಚುನಾವಣೆಯಲ್ಲಿ ಸೋಲಿಸಲು ಕ್ಯಾರನ್ ಲೂಯಿಸ್ ತಾವೇ ನಿಲ್ಲಲು ಹೊರಟಿದ್ದರು. 2014ರ ಅಕ್ಟೋಬರಿನಲ್ಲಿ ಮಿದುಳಿನಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಆಸ್ಪತ್ರೆ ಸೇರಿದವರು ತಮ್ಮ ಬದಲು ನಿಲ್ಲುವಂತೆ ಚೂಯಿ ಗಾರ್ಸಿಯಾ ಎಂಬವರನ್ನು ಕೇಳಿಕೊಂಡರು. 2015ರ ಫೆಬ್ರವರಿಯಲ್ಲಿ ಇಮ್ಯಾನುಯೆಲ್‌ಗೆ ಅರ್ಧದಷ್ಟು ಓಟು ಬರಲಿಲ್ಲ. ಎರಡನೆಯ ಸುತ್ತು ಅನಿವಾರ್ಯವಾಯಿತು. ಪಕ್ಷದ ಗುರುತಿಲ್ಲದೆ ಮೇಯರ್ ಚುನಾವಣೆ ನಡೆಸುವ ಪದ್ಧತಿ ಬಂದ ಮೇಲೆ ಶಿಕಾಗೊದಲ್ಲಿ ಅದೇ ಮೊದಲು. ಏಪ್ರಿಲಿನಲ್ಲಿ ಸುಮಾರು 56ಕ್ಕೆ 44ರ ಪ್ರಮಾಣದಲ್ಲಿ ಇಮ್ಯಾನುಯೆಲ್ ಗೆದ್ದರು. ಲೂಯಿಸ್ 2021ರ ಫೆಬ್ರವರಿಯಲ್ಲಿ ತೀರಿಕೊಂಡರು. ಆಕೆ ನಿಂತಿದ್ದರೆ ಗೆಲ್ಲುತ್ತಿದ್ದರೋ ಏನೋ ಯಾರು ಹೇಳಲಾದೀತು. ನಿಂತು ನೋಡುವ ಅವಕಾಶವಾದರೂ ಆಕೆಗೆ ಸಿಗಬೇಕಾಗಿತ್ತು ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

2019ರ ಮೇಯರ್ ಚುನಾವಣೆಯನ್ನು ಬೇಗ ದಾಟುತ್ತೇನೆ. ಯೂನಿಯನ್ ಬೆಂಬಲಿಸಿದ ಟೋನಿ ಪ್ರೆಕ್‌ವಿಂಕಲ್ ಸೋತರು, ಲೋರಿ ಲೈಟ್‌ಫುಟ್ ಊರಿನ 50 ವಾರ್ಡುಗಳನ್ನೂ ಗೆದ್ದು ಮೇಯರ್ ಆದರು. ಆ ಅಕ್ಟೋಬರಿನಲ್ಲೇ 11 ದಿನ ಪಾಠ ನಿಲ್ಲಿಸಿದ ಮುಷ್ಕರವಾಯಿತು. ಪ್ರತಿ ಸ್ಕೂಲಿಗೂ ಒಬ್ಬ ನರ್ಸ್ ಬೇಕು, ಮಕ್ಕಳ ಕಷ್ಟಸುಖ ನೋಡಲು ಒಬ್ಬ ಸಮಾಜ ಕಾರ್ಯಕರ್ತರು ಬೇಕು ಎಂಬುದು ಬೇಡಿಕೆ.

ಈಗ 2023. ಮೇಯರ್ ಪದವಿಗೆ ಒಂಬತ್ತು ಮಂದಿ ನಿಂತರು. ಫೆಬ್ರವರಿ 28ರ ಮೊದಲ ಸುತ್ತಿನಲ್ಲೇ ಲೈಟ್‌ಫುಟ್ ಮೂರನೆಯ ಸ್ಥಾನಕ್ಕೆ ಬಿದ್ದರು. 1983ರಲ್ಲಿ ಜೇನ್ ಬರ್ನ್ ಸೋತ ಮೇಲೆ ಶಿಕಾಗೊದಲ್ಲಿ ಜನರೇ ಆರಿಸಿದ್ದ ಮೇಯರ್ ಯಾರೂ ಮರು ಆಯ್ಕೆಗೆ ನಿಂತು ಸೋತಿರಲಿಲ್ಲ. ಮೊದಲು ಬಂದವರು ಯಾರು? ಅದೇ ಪಾಲ್ ವ್ಯಾಲಸ್. ಶಿಕಾಗೊ ಬಿಟ್ಟ ಮೇಲೆ ಫಿಲಡೆಲ್ಫಿಯಾ, ನ್ಯೂ ಆರ್ಲಿಯನ್ಸ್ ಊರುಗಳ ಸ್ಕೂಲುಗಳನ್ನೂ ನಡೆಸಿ ಬಂದಿದ್ದರು. ಸರಕಾರದ ಹಣದಲ್ಲಿ ಖಾಸಗಿಯವರು ನಡೆಸುವ ಚಾರ್ಟರ್ ಸ್ಕೂಲುಗಳ ಪರ. ಪೊಲೀಸರ ಯೂನಿಯನ್ ಅವರ ಬೆನ್ನಿಗೆ, ದೊಡ್ಡ ವ್ಯಾಪಾರಸ್ಥರ ಹಣ ಅವರ ಜೇಬಿಗೆ. ಎರಡನೆಯವರು ಬ್ರ್ಯಾಂಡನ್ ಜಾನ್ಸನ್. ಕಬ್ರಿನಿ-ಗ್ರೀನ್ ಎಂಬಲ್ಲಿ ಬಡವರಿಗೆಂದು ಕಟ್ಟಿದ ಎತ್ತರದ ವಸತಿ ಕಟ್ಟಡಗಳನ್ನು ಒಂದೊಂದಾಗಿ ಕೆಡವುತ್ತಿದ್ದ ಕಾಲದಲ್ಲಿ ಅದೇ ಬಡಾವಣೆಯ ಸ್ಕೂಲಿನಲ್ಲಿ ಪಾಠ ಮಾಡಿದವರು. 2011ರಿಂದ ಟೀಚರ್ಸ್ ಯೂನಿಯನ್ನಿನ ಕಾರ್ಯಕರ್ತ. ಅವರ ಚುನಾವಣೆ ಖರ್ಚಿನ ಬಹುಪಾಲು ಟೀಚರುಗಳ ಮತ್ತು ಇತರ ಕಾರ್ಮಿಕರ ಸಂಘಗಳದ್ದೇ. ಪೊಲೀಸರ ಸಂಘ ಒಂದು ಕಡೆ, ಟೀಚರುಗಳ ಸಂಘ ಇನ್ನೊಂದು ಕಡೆ. ಏಪ್ರಿಲ್ 4ರಂದು ಜಾನ್ಸನ್ ಸುಮಾರು 26 ಸಾವಿರ ಓಟಿನಿಂದ ಗೆದ್ದರು. ಇಷ್ಟೆಲ್ಲ ಗದ್ದಲವಾದರೂ ನೂರಕ್ಕೆ ನಲವತ್ತು ಮತದಾರರೂ ಓಟು ಹಾಕಲು ಬರಲಿಲ್ಲ.

"ನಾನು ಕೇಳಿದ್ದಕ್ಕೆ ಈಗ ಬನ್ನಿ," ಎಂದರು ರಾಯರು. "ಯೂನಿಯನ್ ಮನುಷ್ಯ ಮೇಯರ್ ಆದ. ಬೋರ್ಡನ್ನ ನೇಮಿಸೋನು ಮೇಯರ್. ಆ ಬೋರ್ಡು ಯೂನಿಯನ್ ಜೊತೆ ಸಂಬಳ ಮಾತಾಡಬೇಕು. ಇದು ಸರೀನಾ?"

ಸರಿಯಲ್ಲ. ಬರಬಾರದ್ದು ಬಂದೂ ಬಿಟ್ಟಿತು. 2024ರಲ್ಲಿ ಹೊಸ ಒಪ್ಪಂದಕ್ಕೆ ಮಾತುಕತೆ ನಡೆಯುತ್ತಿತ್ತು. ಟೀಚರುಗಳ ಸಂಬಳದ ಖರ್ಚಿಗೂ, ಟೀಚರಲ್ಲದ ಸಿಬ್ಬಂದಿಯ ಪಿಂಚಣಿಗೆ ಕಟ್ಟಬೇಕಾದ 17.5 ಕೋಟಿ ಡಾಲರಿಗೂ ಸೇರಿಸಿ 30 ಕೋಟಿ ಡಾಲರ್ ಸಾಲ ತೆಗೆಯಿರಿ ಎಂದು ಮೇಯರ್ ಕಡೆಯವರು ಒತ್ತಾಯಿಸಿದರು. ಸಿಇಒ ಪೆದ್ರೊ ಮಾರ್ಟಿನೆಜ್ ಒಪ್ಪಲಿಲ್ಲ. ಅವರನ್ನು ಕೆಲಸದಿಂದ ತೆಗೆಯುವ ಬದಲು ಬೋರ್ಡಿನ ಏಳೂ ಸದಸ್ಯರು ಅಕ್ಟೋಬರಿನಲ್ಲಿ ಒಟ್ಟಿಗೆ ರಾಜೀನಾಮೆಗೆ ಹೊರಟರು. ನೋಡಿ, ಆ ಏಳು ಮಂದಿಯನ್ನು ನೇಮಿಸಿದ್ದವರು ಜಾನ್ಸನ್ನರೇ! ನಗರ ಕೌನ್ಸಿಲಿನ 50 ಸದಸ್ಯರಲ್ಲಿ 41 ಮಂದಿ ಇದು ತಪ್ಪೆಂದು ಪತ್ರ ಬರೆದರು. ಮೇಯರ್ ಹೊಸ ಸದಸ್ಯರನ್ನು ತಂದರು. ಅವರು ಡಿಸೆಂಬರ್ 20ರಂದು ಮಾರ್ಟಿನೆಜ್ ಅವರನ್ನು ವಜಾ ಮಾಡಿದರು.

ಇಮ್ಯಾನುಯೆಲ್ ತಮ್ಮ ನೇಮಕದ ಬೋರ್ಡಿನಿಂದ 50 ಸ್ಕೂಲು ಮುಚ್ಚಿಸಿದಾಗ ಯಾವ ತಪ್ಪು ನಡೆಯಿತೋ, ಜಾನ್ಸನ್ ತಮ್ಮ ನೇಮಕದ ಬೋರ್ಡಿನಿಂದ ಒಬ್ಬ ಅಧಿಕಾರಿಯನ್ನು ತೆಗೆಸಿದಾಗ ಅದೇ ತಪ್ಪು ನಡೆಯಿತು. ಟೀಚರುಗಳ ಪರ ಇರುವ ನಾನೇ ಇದನ್ನು ಗಟ್ಟಿಯಾಗಿ ಹೇಳಬೇಕು. ಬೋರ್ಡನ್ನು ಜನರೇ ಆರಿಸಬೇಕೆಂದು ಹೆಚ್ಚು ಕಾಲ ಹೋರಾಡಿದವರಲ್ಲಿ ಆ ಯೂನಿಯನ್ ಮುಂದಿತ್ತು. 2021ರಲ್ಲಿ ರಾಜ್ಯದ ಕಾನೂನು ಆಯಿತು, 2024ರ ನವೆಂಬರಿನಲ್ಲಿ ಮೊದಲ ಚುನಾವಣೆ ಗೊತ್ತಾಗಿತ್ತು. ಮೇಯರ್ ತಮ್ಮ ಮಾತು ನಡೆಸಿಕೊಳ್ಳಲು ಹೊಸ ಬೋರ್ಡು ಕಟ್ಟಿದ್ದು ಆ ಚುನಾವಣೆಗೆ ಕೆಲವೇ ವಾರ ಇರುವಾಗ. ಕೈಯಲ್ಲಿದ್ದ ಕೋಲನ್ನು ಜನಕ್ಕೆ ಒಪ್ಪಿಸುವ ಮುಂಚೆ ಕೊನೆಯ ಏಟು ಹೊಡೆದಂತಾಯಿತು. ಆಗ ತಡೆಯಬೇಕಾದವರು ಯೂನಿಯನ್ನಿನವರೇ, ತಡೆಯಲಿಲ್ಲ.

ಆ ನವೆಂಬರಿನಲ್ಲಿ ಬೋರ್ಡಿನ 21 ಸ್ಥಾನಗಳ ಪೈಕಿ ಹತ್ತಕ್ಕೆ ಚುನಾವಣೆ ನಡೆಯಿತು. ಉಳಿದ ಹನ್ನೊಂದು ಮೇಯರ್ ನೇಮಕ. ಆ ಹತ್ತರಲ್ಲಿ ಯೂನಿಯನ್ ಬೆಂಬಲಿಸಿದವರು ಗೆದ್ದದ್ದು ನಾಲ್ಕು. ಚಾರ್ಟರ್ ಸ್ಕೂಲಿನ ಪರದವರು ಮೂರು, ಎರಡೂ ಕಡೆಗೆ ಸೇರದವರು ಮೂರು. ಮೇಯರನ್ನು ಗೆಲ್ಲಿಸಿದ ಊರೇ ಮೇಯರ್ ಕಡೆಯವರಿಗೆ ಪೂರ್ತಿ ಕೊಡಲಿಲ್ಲ. ನನಗೆ ಸಮಾಧಾನ ತಂದ ಸುದ್ದಿ ಅದು. 2025ರ ಏಪ್ರಿಲಿನಲ್ಲಿ ಟೀಚರುಗಳ ನಾಲ್ಕು ವರ್ಷದ ಒಪ್ಪಂದ ಮುಷ್ಕರವಿಲ್ಲದೆ ಕುದುರಿತು, ಯೂನಿಯನ್ನಿನಲ್ಲಿ ಓಟು ಹಾಕಿದವರಲ್ಲಿ ನೂರಕ್ಕೆ 97 ಮಂದಿ ಒಪ್ಪಿದರು. ಆಗಸ್ಟಿನಲ್ಲಿ 73.4 ಕೋಟಿ ಡಾಲರ್ ಕೊರತೆಯ ಬಜೆಟ್ ಬಂದಾಗ ಸಾಲದ ಮಾತು ಮತ್ತೆ ಎದ್ದಿತು. ಬೋರ್ಡು 12ಕ್ಕೆ 7 ಓಟಿನಲ್ಲಿ ಸಾಲವಿಲ್ಲದ ಬಜೆಟ್ಟನ್ನೇ ಪಾಸು ಮಾಡಿತು. ಆರಿಸಿ ಬಂದವರು ಇದ್ದದ್ದೇ ಹತ್ತು ಮಂದಿ. ಅಂದ ಮೇಲೆ ಮೇಯರ್ ನೇಮಿಸಿದವರಲ್ಲೂ ಕೆಲವರು ಮೇಯರಿಗೆ ಆಗದು ಎಂದರು.

"ಅರ್ಧ ಚುನಾವಣೆಗೇ ಇಷ್ಟು ಧೈರ್ಯ ಬಂತಾ?" ರಾಯರ ದನಿಯಲ್ಲಿದ್ದ ಮೊದಲಿನ ಬಿಗುವು ಇಳಿದಿತ್ತು.

ಬಂತು. ಎದುರು ಕೂತವರಿಗೆ ಓಟು ಹಾಕಿದವರ ಮುಖ ಕಾಣುತ್ತಿರುತ್ತದೆ. ಸ್ಕೂಲಿಗೆ ಹಣ ಬೇಕು, ಆ ಹಣವನ್ನು ರಾಜ್ಯ ಸರಕಾರ ಕೊಡಬೇಕೋ, ಊರಿನ ಸಿರಿವಂತರ ಮೇಲೆ ತೆರಿಗೆ ಹಾಕಬೇಕೋ, ಯಾವ ಖಾಲಿ ಕಟ್ಟಡವನ್ನು ಏನು ಮಾಡಬೇಕೋ ಎಂಬುದೆಲ್ಲ ಕಷ್ಟದ ತೀರ್ಮಾನಗಳು. ಸ್ಕೂಲು ಮುಚ್ಚಬಾರದು ಎಂಬ ತಡೆಯೂ 2027ರವರೆಗೆ ಮಾತ್ರ. ಅಲ್ಲಿಂದ ಮುಂದೆ ಕೈಯೆತ್ತಬೇಕಾದವರು ಹೊಸ ಬೋರ್ಡಿನವರು. ಯೂನಿಯನ್ ತನ್ನ ಮಾತನ್ನು ಮೇಜಿನ ಒಂದೇ ಕಡೆ ಕೂತು ಜೋರಾಗಿ ಹೇಳಲಿ, ಬೇಕಾದರೆ ಮುಷ್ಕರ ಹೂಡಲಿ. ಅದು ಅವರ ಹಕ್ಕು, ಆ ಹಕ್ಕಿಗೆ ನನ್ನ ಪೂರ್ತಿ ಬೆಂಬಲ. ಇನ್ನೊಂದು ಕಡೆಯ ಕುರ್ಚಿ ಮಾತ್ರ ಮೇಯರಿಗೂ ಬೇಡ, ಯೂನಿಯನ್ನಿಗೂ ಬೇಡ.

2026ರ ನವೆಂಬರ್ 3 ಕಾನೂನು ಗೊತ್ತು ಮಾಡಿರುವ ದಿನ: 21 ಸ್ಥಾನಗಳಿಗೂ ಓಟು, ಅಧ್ಯಕ್ಷ ಸ್ಥಾನಕ್ಕೆ ಇಡೀ ಊರಿನ ಓಟು. ಮೇಯರ್ ಚುನಾವಣೆ ಅದಾದ ಮೇಲೆ, 2027ರ ಫೆಬ್ರವರಿಯಲ್ಲಿ. ಶಿಕಾಗೊ ನಗರದ ಎಲ್ಲೆಯೊಳಗೇ ಮನೆಯಿದ್ದು ಅಮೆರಿಕದ ಪೌರರಾದ ಕನ್ನಡದವರು ನಿಮ್ಮ ನೆಂಟರಲ್ಲಿ, ಗೆಳೆಯರಲ್ಲಿ ಇದ್ದರೆ ಅವರಿಗೆ ಹೇಳಿ: ಮೇಯರಿಗೆ ಹಾಕುವ ಓಟಿನಷ್ಟೇ ಸ್ಕೂಲ್ ಬೋರ್ಡಿಗೆ ಹಾಕುವ ಓಟೂ ದೊಡ್ಡದು, ಮನೆಯಲ್ಲಿ ಸ್ಕೂಲಿಗೆ ಹೋಗುವ ಮಗು ಇಲ್ಲದಿದ್ದರೂ ಹೋಗಿ ಹಾಕಿ ಬರಲಿ.